ಗ್ಯಾಂಬಿಟ್ ಅಂದ್ರೆ ಜೂಜಾ? ಒಬ್ಬ ಅಪ್ಪನಿಗೆ ಉತ್ತರ ಹೇಳಬೇಕಿದೆ

ಹೇಮಾವತಿ ದಂಡೆ (ಹಾಸನ) · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ನಮ್ಮ ಮನೆ ಮಹಡಿ ಮೇಲೆ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. 2024ರ ಡಿಸೆಂಬರಿನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಬರುವ ಮಕ್ಕಳು ಜಾಸ್ತಿ ಆಗಿದ್ದಾರೆ. ಹಾಸಲು ಅಷ್ಟು ಚಾಪೆ ನಮ್ಮ ಮನೆಯಲ್ಲಿಲ್ಲ.

ವಿಷಯ ಏನಪ್ಪಾ ಅಂದ್ರೆ, ಒಬ್ಬ ಹುಡುಗ ಇದ್ದಾನೆ, ಆರನೇ ಕ್ಲಾಸು. ಅವನ ಅಪ್ಪನದು ಆಲೂಗಡ್ಡೆ ಮಂಡಿ. ಹೋದ ವಾರ ಅವರು ಮಗನ ನೋಟ್‌ಬುಕ್ಕಿನಲ್ಲಿ 'ಕಿಂಗ್ಸ್ ಗ್ಯಾಂಬಿಟ್' ಅಂತ ಬರೆದಿದ್ದನ್ನು ನೋಡಿದ್ದಾರೆ. ಮೊಬೈಲಿನಲ್ಲಿ ಹುಡುಕಿದರೆ 'ಜೂಜು' ಅಂತ ಬಂತಂತೆ. ಸೀದಾ ನಮ್ಮ ಮನೆಗೆ ಬಂದರು.

"ಮೇಷ್ಟ್ರೇ, ನಮ್ಮಪ್ಪ ಇಸ್ಪೀಟಲ್ಲಿ ಎರಡು ಎಕರೆ ಕಳ್ಕೊಂಡ್ರು. ನೀವು ನನ್ನ ಮಗನಿಗೆ ರಾಜನ ಜೂಜು ಹೇಳಿಕೊಡ್ತಿದೀರಂತೆ?"

"ಜೂಜಲ್ಲ ಸಾರ್, ಅದೊಂದು ಲೆಕ್ಕಾಚಾರ" ಅಂದೆ.

"ಇಸ್ಪೀಟಿನವರೂ ಹಾಗೇ ಅಂತಿದ್ರು" ಅಂದರು.

ನನಗೆ ಬಾಯಿ ಕಟ್ಟಿಹೋಯಿತು. ಹುಡುಗ ಎರಡು ದಿನದಿಂದ ಬಂದಿಲ್ಲ.

ಚೆಸ್ ಗೊತ್ತಿಲ್ಲದವರಿಗೆ: ಕಿಂಗ್ಸ್ ಗ್ಯಾಂಬಿಟ್ ಅಂದರೆ ಒಂದು ಶುರುವಾತು. ಎರಡೂ ಕಡೆಯವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿರುತ್ತಾರೆ. ಬಿಳಿಯವನು ಎರಡನೇ ನಡೆಗೇ ಪಕ್ಕದ ಕಾಲಾಳನ್ನೂ ಎರಡು ಮನೆ ಮುಂದೆ ತಂದು ಎದುರಾಳಿ ಬಾಯಿಗೆ ಇಡುತ್ತಾನೆ. ತಿನ್ನಬಹುದು. ತಿಂದರೆ ಕಪ್ಪು ಕಾಲಾಳು ನಟ್ಟನಡುವಿನ ಜಾಗ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ನಡುವೆ ಬಿಳಿಗೆ ಜಾಗ ಸಿಗುತ್ತದೆ, ಆನೆಗೆ ದಾರಿ ಆಗುತ್ತದೆ. ಆದರೆ ಬಿಳಿ ರಾಜನ ಪಕ್ಕದ ಬಾಗಿಲೂ ತೆರೆದುಕೊಳ್ಳುತ್ತದೆ.

ಈಗ ನನಗೆ ಬೇಕಾಗಿರುವುದು ಎರಡು. ಈ ಪದ ಎಲ್ಲಿಂದ ಬಂತು? ಕನ್ನಡದಲ್ಲಿ ಇದಕ್ಕೆ ಏನಂತ ಹೇಳಿದರೆ ಮಂಡಿ ಸಾಹುಕಾರರಿಗೆ ಅರ್ಥ ಆಗುತ್ತದೆ?

ಬೇಲೂರು ಬಸ್‌ಸ್ಟ್ಯಾಂಡ್ · ಭಾನುವಾರ, ರಾತ್ರಿ 9:52

ಹೋದ್ರೆ ಕಲ್ಲು, ಬಂದ್ರೆ ಮಾವಿನಕಾಯಿ. ಮುಗೀತು. ಮುಂದಿನ ಪ್ರಶ್ನೆ ಕೇಳಿ.

ಹೇಮಾವತಿ ದಂಡೆ · ಭಾನುವಾರ, ರಾತ್ರಿ 10:05

ಇಲ್ಲ ಗುರುವೇ. ಕಲ್ಲು ರಸ್ತೆಯಲ್ಲಿ ಬಿಟ್ಟಿ ಸಿಗುತ್ತದೆ. ಹೋದರೆ ಯಾರಿಗೂ ಹೊಟ್ಟೆ ಉರಿಯಲ್ಲ. ಇಲ್ಲಿ ಹೋಗುವುದು ನನ್ನ ಕಾಲಾಳು. ಇರುವುದೇ ಎಂಟು.

ಪದಕೋಶ (ಚಿಕ್ಕಮಗಳೂರು) · ಭಾನುವಾರ, ರಾತ್ರಿ 11:20

ಮೇಷ್ಟ್ರೇ, ಮೊದಲು ಆ ಮೊಬೈಲಿನ ತಪ್ಪನ್ನು ಹಿಡಿಯೋಣ. ಗ್ಯಾಂಬಿಟ್, ಗ್ಯಾಂಬ್ಲಿಂಗ್ ಎರಡೂ ಕಿವಿಗೆ ಅಣ್ಣತಮ್ಮಂದಿರ ಹಾಗೆ ಕೇಳುತ್ತವೆ. ನಿಜವಾಗಿ ಒಂದೇ ಊರಿನವೂ ಅಲ್ಲ. 'ಗ್ಯಾಂಬಲ್' ಹುಟ್ಟಿದ್ದು ಹಳೇ ಇಂಗ್ಲಿಷಿನ ಆಟ ಎಂಬ ಪದದಿಂದ. ಈಗಿನ 'ಗೇಮ್' ಕೂಡ ಅದೇ ಬಳ್ಳಿಯದು. 'ಗ್ಯಾಂಬಿಟ್' ಬಂದಿದ್ದು ಇಟಲಿಯಿಂದ. ಇಟಾಲಿಯನ್ನಿನಲ್ಲಿ 'ಗಾಂಬಾ' ಅಂದರೆ ಕಾಲು. ಅದರಿಂದ 'ಗಂಬೆತ್ತೊ'. ಕುಸ್ತಿಯಲ್ಲಿ ಎದುರಾಳಿಯ ಕಾಲಿಗೆ ಕಾಲು ಸಿಕ್ಕಿಸಿ ಬೀಳಿಸುವ ಪಟ್ಟು.

ಈ ಕುಸ್ತಿ ಪದವನ್ನು ಚದುರಂಗದ ಮಣೆಗೆ ತಂದವನು ರೂಯ್ ಲೋಪೆಸ್ ಎಂಬ ಸ್ಪೇನಿನ ಪಾದ್ರಿ. 1561ರಲ್ಲಿ ಚೆಸ್ ಬಗ್ಗೆ ಒಂದು ಪುಸ್ತಕ ಬರೆದ. ಈ ಪದ ಇಟಾಲಿಯನ್ನಿನದು ಅಂತ ಅವನೇ ಅದರಲ್ಲಿ ಹೇಳಿದ್ದಾನೆ. ಅವನ ಹೆಸರಿನ ಶುರುವಾತೂ ಒಂದಿದೆ, ಮೇಷ್ಟ್ರಿಗೆ ಗೊತ್ತಿರುತ್ತದೆ. ಸ್ಪ್ಯಾನಿಷ್‌ನಲ್ಲಿ ಗಂಬೆತ್ತೊ 'ಗಂಬೀತೊ' ಆಯಿತು. ಫ್ರೆಂಚರು ಬಾಲ ಕತ್ತರಿಸಿದರು. ಇಂಗ್ಲಿಷಿನಲ್ಲಿ ಮೊದಲು ಕಾಣಿಸಿಕೊಂಡಿದ್ದು 1656ರಲ್ಲಿ, ಗ್ರೆಕೊ ಎಂಬ ಇಟಲಿಯ ಆಟಗಾರನ ಆಟಗಳನ್ನು ಇಂಗ್ಲಿಷಿಗೆ ತಂದ ಒಂದು ಪುಸ್ತಕದಲ್ಲಿ. ಆಗ ಕಾಗುಣಿತ 'ಗ್ಯಾಂಬೆಟ್' ಅಂತಿತ್ತು. ಫ್ರೆಂಚ್ ಗಾಳಿ ಬಡಿದು ಆಮೇಲೆ 'ಗ್ಯಾಂಬಿಟ್' ಆಯಿತು.

ಅಲ್ಲಿಂದ ಸುಮಾರು 200 ವರ್ಷ ಈ ಪದ ಚೆಸ್ ಮಣೆ ಬಿಟ್ಟು ಕೆಳಗೆ ಇಳಿಯಲಿಲ್ಲ. 'ಮೇಲುಗೈ ಪಡೆಯಲು ಹೂಡುವ ಮೊದಲ ನಡೆ' ಎಂಬ ಅಗಲವಾದ ಅರ್ಥ ಇಂಗ್ಲಿಷಿನಲ್ಲಿ ದಾಖಲಾಗಿರುವುದು 1855ರಿಂದ. ಈಗಂತೂ ರಾಜಕಾರಣಿ ಕೆಮ್ಮಿದರೂ ಇಂಗ್ಲಿಷ್ ಪತ್ರಿಕೆಯವರು ಗ್ಯಾಂಬಿಟ್ ಅನ್ನುತ್ತಾರೆ.

ಆ ಗಾಂಬಾ ಎಂಬ ಕಾಲಿಗೆ ನೆಂಟರು ಇನ್ನೂ ಇದ್ದಾರೆ. ಹಂದಿ ತೊಡೆ ಮಾಂಸಕ್ಕೆ ಇಂಗ್ಲಿಷಿನವರು 'ಗ್ಯಾಮನ್' ಅನ್ನುತ್ತಾರೆ, ಅದೂ ಇದೇ ಕಾಲು. ಕಾಲಿನ ನಡುವೆ ಇಟ್ಟುಕೊಂಡು ನುಡಿಸುವ ಹಳೇ ವಾದ್ಯ 'ವಿಯೋಲ ದ ಗಾಂಬಾ'. ಬಾಗಿಲ ದಾರಂದದ ಎರಡು ನಿಲುಗಂಬಕ್ಕೆ 'ಜ್ಯಾಂಬ್' ಅನ್ನುತ್ತಾರೆ. ಫ್ರೆಂಚಿನಲ್ಲಿ ಕಾಲಿಗೆ 'ಜಾಂಬ್'. ಬಾಗಿಲಿಗೂ ಕಾಲು! ರಿಟೈರ್ ಆದ ಮೇಲೆ ನನಗೆ ಇದೇ ಕೆಲಸ, ಬೇಜಾರು ಮಾಡ್ಕೋಬೇಡಿ.

ಗರಡಿ ಮಣ್ಣು · ಸೋಮವಾರ, ಬೆಳಿಗ್ಗೆ 6:15

ಪದಕೋಶ ಸಾರ್, ಒಂದು ಸಣ್ಣ ಪ್ರಶ್ನೆ. ಇಟಲಿಯವರು ಆ ಪಟ್ಟನ್ನು ಹಾಕುತ್ತಾರಾ, ಮಾಡುತ್ತಾರಾ, ಏನಂತಾರೆ?

ಪದಕೋಶ · ಸೋಮವಾರ, ಬೆಳಿಗ್ಗೆ 7:02

'ದಾರೆ ಇಲ್ ಗಂಬೆತ್ತೊ' ಅನ್ನುತ್ತಾರೆ. ದಾರೆ ಅಂದರೆ ಕೊಡು.

ಗರಡಿ ಮಣ್ಣು · ಸೋಮವಾರ, ಬೆಳಿಗ್ಗೆ 7:10

ಅಯ್ಯೋ ಸಾರ್! ನಾವೂ ಅದನ್ನೇ ಅನ್ನೋದು. ಕಾಲು ಕೊಡೋದು! ಶಾಲೆಯಲ್ಲಿ ಓಡುವವನಿಗೆ ಅಡ್ಡ ಕಾಲಿಟ್ಟರೆ "ಸಾರ್, ಇವನು ಕಾಲು ಕೊಟ್ಟು ಬೀಳಿಸಿದ" ಅಂತ ದೂರು ಹೇಳುತ್ತಿರಲಿಲ್ಲವಾ? ಇಟಲಿಯವನೂ ಕಾಲೇ ಕೊಡುತ್ತಾನೆ, ನಾವೂ ಕಾಲೇ ಕೊಡುತ್ತೇವೆ.

ನಮ್ಮ ತಾತ ಗರಡಿಗೆ ಹೋಗುತ್ತಿದ್ದವರು. ನಾನೂ ನಾಲ್ಕು ವರ್ಷ ಮಣ್ಣು ಹಚ್ಚಿಕೊಂಡಿದ್ದೇನೆ. ಹಾಗಾಗಿ ಚೆಸ್ ಗೊತ್ತಿಲ್ಲದಿದ್ದರೂ ಒಂದು ಮಾತು ಹೇಳಬಲ್ಲೆ. ಎದುರಿಗಿರುವವನ ಕಾಲಿಗೆ ನಾನು ಕಾಲು ಕೊಟ್ಟಾಗ, ಆ ಗಳಿಗೆಯಲ್ಲಿ ನಾನು ನಿಂತಿರುವುದು ಒಂದೇ ಕಾಲಿನ ಮೇಲೆ. ಅವನು ಬೀಳಲಿಲ್ಲ ಅಂದರೆ ನಾನೇ ಬೀಳುತ್ತೇನೆ. ತಾತ ಹೇಳುತ್ತಿದ್ದರು, ಮೊದಲು ಕೈಯಲ್ಲಿ ಎಳೆದು ಅವನ ಭಾರ ಅಲ್ಲಾಡಿಸು, ಆಮೇಲೆ ಕಾಲು ಕೊಡು ಅಂತ. ಗಟ್ಟಿಯಾಗಿ ನಿಂತವನಿಗೆ ಕಾಲು ಕೊಟ್ಟರೆ ಕಂಬಕ್ಕೆ ಒದ್ದ ಹಾಗೆ.

ಮೇಷ್ಟ್ರೇ, ನಿಮ್ಮ ಸಾಹುಕಾರರಿಗೆ ಇದನ್ನೇ ಹೇಳಿ. ಜೂಜಿನಲ್ಲಿ ಕಣ್ಣು ಇರುವುದು ಎಲೆಯ ಮೇಲೆ. ಇಲ್ಲಿ ಕಣ್ಣು ಇರುವುದು ಎದುರಿಗಿರುವವನ ಕಾಲ ಮೇಲೆ.

ಹೇಮಾವತಿ ದಂಡೆ · ಸೋಮವಾರ, ಬೆಳಿಗ್ಗೆ 8:30

ಕಾಫಿ ಕುಡಿಯುತ್ತಾ ಓದುತ್ತಿದ್ದೆ, ಲೋಟ ಹಾಗೇ ಕೆಳಗಿಟ್ಟೆ. 30 ವರ್ಷದಿಂದ ಚೆಸ್ ಆಡುತ್ತಿದ್ದೇನೆ, ಈ ಒಂಟಿ ಕಾಲಿನ ವಿಷಯ ನನಗೆ ಹೊಳೆದಿರಲಿಲ್ಲ. ಕಿಂಗ್ಸ್ ಗ್ಯಾಂಬಿಟ್ ಆಡಿದಾಗ ನಮ್ಮ ರಾಜನ ಬಲಗಡೆ ಬಾಗಿಲು ತೆರೆದುಕೊಳ್ಳುತ್ತದೆ ಅಂದೆನಲ್ಲ, ಅದೇ ಒಂಟಿ ಕಾಲು. ಎದುರಾಳಿ ಮಂತ್ರಿ ಆ ಓರೆಯಲ್ಲಿ ಬಂದು ಶಹ ಕೊಟ್ಟರೆ ರಾಜ ತಾನೇ ಎದ್ದು ಓಡಬೇಕಾಗುತ್ತದೆ.

ಮತ್ತೆ ಇನ್ನೊಂದು. ನಾವು ಕೊಡುವುದು ಏನನ್ನ? ಕಾಲಾಳು! ಕಾಲು ಕೊಡುವ ಆಟದಲ್ಲಿ ಕಾಲಾಳನ್ನು ಕೊಡುತ್ತೇವೆ. ಇದು ಕನ್ನಡದಲ್ಲಿ ಮಾತ್ರ ಕೂಡಿ ಬಂದಿದ್ದಾ ಸಾರ್?

ಪದಕೋಶ · ಸೋಮವಾರ, ಬೆಳಿಗ್ಗೆ 9:45

ಒಳ್ಳೇ ಕಡೆ ಕೈ ಹಾಕಿದಿರಿ. ಇಲ್ಲ, ಎಲ್ಲ ಕಡೆಯೂ ಅವನು ಕಾಲಿನವನೇ. ಇಂಗ್ಲಿಷಿನ 'ಪಾನ್' ಲ್ಯಾಟಿನ್ನಿನ ಪಾದದಿಂದ ಬಂದಿದ್ದು, ಕಾಲ್ನಡಿಗೆಯ ಸೈನಿಕ ಅಂತ ಅರ್ಥ. ಅದೇ ಲ್ಯಾಟಿನ್ ಪದ ಪೋರ್ಚುಗೀಸರ ಬಾಯಲ್ಲಿ ಬೇರೆ ರೂಪ ಪಡೆದು ನಮ್ಮ ದೇಶಕ್ಕೆ ಬಂತು. ಅದು ಯಾವುದು ಗೊತ್ತಾ? ಆಫೀಸಿನ 'ಪ್ಯೂನ್'. ಸಂಸ್ಕೃತದ 'ಪದಾತಿ'ಯಲ್ಲೂ ಅದೇ ಪಾದ. ಪಾರ್ಸಿ ಭಾಷೆಯಲ್ಲಿ ಕಾಲಾಳಿಗೆ 'ಪಿಯಾದಾ'. ಅದು ಕನ್ನಡಕ್ಕೆ ಬಂದು 'ಪ್ಯಾದೆ' ಆಯಿತು, ಆಮೇಲೆ 'ಪೇದೆ' ಆಯಿತು. ಪೊಲೀಸ್ ಪೇದೆ! ಪದಾತಿ, ಪೇದೆ, ಪ್ಯೂನ್, ಪಾನ್ ನಾಲ್ಕಕ್ಕೂ ಮೂಲ ಬೇರು ಒಂದೇ. 'ಕಾಲಾಳು' ಮಾತ್ರ ಅಚ್ಚಗನ್ನಡದ್ದು, ಆದರೆ ಮಾತಿನ ಕಟ್ಟಡ ಅದೇ.

ಬೇಲೂರು ಬಸ್‌ಸ್ಟ್ಯಾಂಡ್ · ಸೋಮವಾರ, ಬೆಳಿಗ್ಗೆ 9:58

ಅದಕ್ಕೇ ಎಲ್ಲ ಆಫೀಸಲ್ಲೂ ಏನಾದ್ರೂ ಎಡವಟ್ಟಾದ್ರೆ ಮೊದಲು ಪ್ಯೂನನ್ನೇ ಮುಂದೆ ತಳ್ಳೋದು. ದೊಡ್ಡವರು ಗ್ಯಾಂಬಿಟ್ ಆಡ್ತಿದಾರೆ ಅಂತ ಈಗ ಗೊತ್ತಾಯ್ತು.

ಮೂಡಿಗೆರೆ ತೋಟ · ಸೋಮವಾರ, ಮಧ್ಯಾಹ್ನ 1:30

ಚೆಸ್ ಬಿಡಿ, ನಾವು ಪ್ರತಿ ವರ್ಷ ಗ್ಯಾಂಬಿಟ್ ಆಡುತ್ತೇವೆ. ಫೆಬ್ರವರಿ ಬಂತು ಅಂದರೆ ರೊಬಸ್ಟಾ ಗಿಡದಲ್ಲಿ ಮೊಗ್ಗು ನೀರಿಗೆ ಕಾಯುತ್ತಾ ಕೂತಿರುತ್ತದೆ. ಹೂಮಳೆ ಬರುತ್ತೋ ಇಲ್ಲವೋ. ಕಾಯುವುದಾ, ಸ್ಪ್ರಿಂಕ್ಲರ್ ಹಾಕುವುದಾ? ಹಾಕಿದರೆ ಡೀಸೆಲ್ ಖರ್ಚು, ಕೆರೆ ನೀರು ಖಾಲಿ. ವಾರ ಹತ್ತು ದಿನಕ್ಕೆ ಹೂ ಬರುತ್ತದೆ. ಅದಾಗಿ ಎರಡು ಮೂರು ವಾರಕ್ಕೆ ಇನ್ನೊಂದು ನೀರು ಬೇಕು. ಅಷ್ಟೊತ್ತಿಗೆ ಕೆರೆಯಲ್ಲಿ ನೀರಿಲ್ಲ, ಮಳೆಯೂ ಇಲ್ಲ ಅಂದರೆ ಕಾಯಿ ಕಚ್ಚಲ್ಲ. ಹೂ ನೋಡಿ ಫೋಟೋ ಹೊಡೆದುಕೊಂಡಿದ್ದಷ್ಟೇ ಲಾಭ. ಇದಕ್ಕಿಂತ ದೊಡ್ಡ ಗ್ಯಾಂಬಿಟ್ ಇದೆಯಾ?

ಕೊಪ್ಪದ ಅನುವಾದಕಿ · ಸೋಮವಾರ, ಸಂಜೆ 4:10

ತೋಟದ ಅಣ್ಣನವರೇ, ನಿಮ್ಮ ಕಷ್ಟ ನಮ್ಮ ಮನೆಯದೂ ಹೌದು. ಆದರೆ ಅದು ಗ್ಯಾಂಬಿಟ್ ಅಲ್ಲ. ಅದನ್ನು ಬೇಕಾದರೆ ಜೂಜು ಅನ್ನಿ.

ಯಾಕೆ ಅಂದರೆ ನೀವು ಕೆರೆ ನೀರು ಖಾಲಿ ಮಾಡಿದ್ದನ್ನು ನೋಡಿ ಮೋಡ ಮನಸ್ಸು ಬದಲಾಯಿಸುವುದಿಲ್ಲ. ಮಳೆ ನಿಮ್ಮ ಎದುರಾಳಿ ಅಲ್ಲ, ಅದಕ್ಕೆ ನೀವು ಯಾರು ಅಂತಲೇ ಗೊತ್ತಿಲ್ಲ. ಗ್ಯಾಂಬಿಟ್‌ಗೆ ಎದುರಿಗೆ ಒಬ್ಬ ಕೂತಿರಬೇಕು. ಅವನಿಗೆ ಆಸೆ ಇರಬೇಕು, ಅನುಮಾನ ಇರಬೇಕು. ತಗೊಳ್ಳಲಾ ಬೇಡವಾ ಅಂತ ಅವನು ಒದ್ದಾಡಬೇಕು. ಚೆಸ್ಸಿನಲ್ಲೇ ನೋಡಿ, ಗ್ಯಾಂಬಿಟ್ 'ಆಕ್ಸೆಪ್ಟೆಡ್', ಗ್ಯಾಂಬಿಟ್ 'ಡಿಕ್ಲೈನ್ಡ್' ಅಂತ ಬೇರೆ ಬೇರೆ ದಾರಿಗಳೇ ಇವೆ. ಜೂಜಿನಲ್ಲಿ ದಾಳ ಉರುಳಿಸಿದ ಮೇಲೆ ದಾಳ "ನನಗೆ ಬೇಡ" ಅನ್ನುತ್ತದಾ?

ನಾನು ಅನುವಾದ ಮಾಡಿ ಹೊಟ್ಟೆ ಹೊರೆಯುವವಳು. ಈ ಪದ ಸಿಕ್ಕಾಗಲೆಲ್ಲ 'ತಂತ್ರ' ಅಂತ ಹಾಕಿ ಕೈ ತೊಳೆದುಕೊಂಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ತಂತ್ರ ಅಂದರೆ ಏನೂ ಕೊಡದೆ ಬರೀ ಬುದ್ಧಿ ಓಡಿಸಿದರೂ ಆಯಿತು. ಗ್ಯಾಂಬಿಟ್‌ನಲ್ಲಿ ಕೈಯಿಂದ ಏನೋ ಒಂದು ಹೋಗಲೇಬೇಕು, ಬೇಕಂತಲೇ ಹೋಗಬೇಕು, ಎದುರಿನವನ ಕಣ್ಣ ಮುಂದೆಯೇ ಹೋಗಬೇಕು.

ಮೂಡಿಗೆರೆ ತೋಟ · ಸೋಮವಾರ, ಸಂಜೆ 6:00

ಸರಿ ಮೇಡಂ, ಸೋತೆ. ಹಾಗಾದರೆ ಅಡಿಕೆ ಚೇಣಿ? ಮರದಲ್ಲಿ ಕಾಯಿ ಇರುವಾಗಲೇ ಚೇಣಿದಾರ ಬಂದು ದುಡ್ಡು ಕೊಟ್ಟು ಫಸಲು ಹಿಡಿಯುತ್ತಾನಲ್ಲ. ಅಲ್ಲಿ ಎದುರಾಳಿ ಇದ್ದಾನೆ. ನಾನೇ.

ಕೊಪ್ಪದ ಅನುವಾದಕಿ · ಸೋಮವಾರ, ಸಂಜೆ 6:25

ಅವನು ನಿಮಗೆ ಕೊಟ್ಟಿದ್ದು ಬೆಲೆ. ಬಲಿ ಅಲ್ಲ. ಆಮೇಲೆ ಕೊಳೆ ರೋಗ ಬಂದರೆ ಅವನ ಗ್ರಹಚಾರ, ರೇಟು ಏರಿದರೆ ನಿಮ್ಮ ಹೊಟ್ಟೆಯುರಿ. ಅದು ವ್ಯಾಪಾರದ ಊಹೆ.

ಆದರೆ ಅದೇ ಚೇಣಿದಾರ ಮೊದಲ ವರ್ಷ ಬೇಕಂತಲೇ ಎರಡು ಕಾಸು ಜಾಸ್ತಿ ಕೊಟ್ಟು, ನಿಮ್ಮ ನಂಬಿಕೆ ಗಳಿಸಿ, ಮುಂದಿನ ಮೂರು ವರ್ಷ ನೀವು ಬೇರೆ ಯಾರನ್ನೂ ಕೇಳದ ಹಾಗೆ ಮಾಡಿದ ಅಂದುಕೊಳ್ಳಿ. ಅದು ಗ್ಯಾಂಬಿಟ್!

ಮೂಡಿಗೆರೆ ತೋಟ · ಸೋಮವಾರ, ಸಂಜೆ 6:31

ಅಂದುಕೊಳ್ಳೋದೇನು ಬಂತು. ಆಗಿದೆ.

ಅರಸೀಕೆರೆ ಕೊಬ್ಬರಿ · ಸೋಮವಾರ, ರಾತ್ರಿ 8:45

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ದನದ ಜಾತ್ರೆಯ ಒಂದು ವಿಷಯ ಹೇಳಲೇಬೇಕು ಅನ್ನಿಸಿತು.

ನಾನು ಚಿಕ್ಕವನಿದ್ದಾಗ ನಮ್ಮಪ್ಪನ ಜೊತೆ ಎತ್ತು ತರಲು ಹೋಗಿದ್ದೆ. ಆಗ ದಲ್ಲಾಳಿಗಳು ಟವೆಲ್ ಒಳಗೆ ಕೈ ಇಟ್ಟು ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದರು, ಪಕ್ಕದವನಿಗೆ ರೇಟು ಗೊತ್ತಾಗಬಾರದು ಅಂತ. ಒಬ್ಬ ದಲ್ಲಾಳಿ ನಮಗೆ ಒಂದು ಜೋಡಿ ತೋರಿಸಿದ. ಅಪ್ಪ ಬಾಯಿ ಬಿಡುವ ಮೊದಲೇ ಅವನೇ ಶುರು ಮಾಡಿದ. "ಯಜಮಾನ್ರೇ, ನಿಮ್ಮ ಹತ್ರ ಸುಳ್ಳು ಯಾಕೆ. ಎಡಗಡೆ ಎತ್ತಿನ ಬೆನ್ನ ಮೇಲೆ ಸುಳಿ ಸರಿ ಇಲ್ಲ. ನೋಡ್ಕೊಳ್ಳಿ. ಅದಕ್ಕೇ ಇನ್ನೂರು ಕಮ್ಮಿ ಹೇಳ್ತೀನಿ." ಅಪ್ಪ ಸುಳಿ ನೋಡಿದರು. ನಿಜ, ಸುಳಿ ಸರಿ ಇರಲಿಲ್ಲ. ಇಷ್ಟು ನಿಯತ್ತಿನ ಮನುಷ್ಯನನ್ನು ನೋಡೇ ಇಲ್ಲ ಅಂತ ಅಪ್ಪನಿಗೆ ಖುಷಿ. ಹಲ್ಲು ನೋಡಿದ್ದು ಅರೆಬರೆ. ಬಲಗಡೆ ಎತ್ತನ್ನು ನಡೆಸಿ ನೋಡಲೇ ಇಲ್ಲ. ಮನೆಗೆ ತಂದು ನೊಗ ಹಾಕಿದ ಮೇಲೆ ಗೊತ್ತಾಯಿತು, ಅದಕ್ಕೆ ಹಿಂಗಾಲು ಕುಂಟು.

ಸುಳಿ ಅವನ ಕಾಲಾಳು. ಇನ್ನೂರು ರೂಪಾಯಿ ಕೊಟ್ಟು ಅಪ್ಪನ ಕಣ್ಣನ್ನೇ ಬೇರೆ ಕಡೆ ತಿರುಗಿಸಿದ. ಅಪ್ಪ ಸಾಯುವ ತನಕ ಆ ದಲ್ಲಾಳಿಯನ್ನು ಬೈಯುತ್ತಿದ್ದರು. ಆದರೆ ಬೈಯುವಾಗ ಬಾಯಲ್ಲಿ ಸ್ವಲ್ಪ ಮೆಚ್ಚುಗೆಯೂ ಇರುತ್ತಿತ್ತು.

ಗರಡಿ ಮಣ್ಣು · ಸೋಮವಾರ, ರಾತ್ರಿ 8:58

ಇಲ್ಲೂ ಕೊನೆಗೆ ಕಾಲಿಗೇ ಬಂತಲ್ಲ ಸಾರ್.

ಬೇಲೂರು ಬಸ್‌ಸ್ಟ್ಯಾಂಡ್ · ಸೋಮವಾರ, ರಾತ್ರಿ 9:20

ನಮ್ಮೂರಿನ ಸಳನನ್ನು ಯಾರೂ ಕೇಳುತ್ತಿಲ್ಲ. ಗುರು "ಹೊಯ್ ಸಳ" ಅಂದ ತಕ್ಷಣ ಹುಲಿಗೆ ಎದುರು ನಿಂತನಲ್ಲ, ಅದು ಗ್ಯಾಂಬಿಟ್ ತಾನೇ? ದೇವಸ್ಥಾನದ ಮುಂದೆ ಮೂರ್ತಿಯೇ ಇದೆ, ದಿನಾ ನೋಡ್ತೀನಿ.

ಕೊಪ್ಪದ ಅನುವಾದಕಿ · ಸೋಮವಾರ, ರಾತ್ರಿ 9:33

ಅದು ಧೈರ್ಯ. ಸಳ ಹುಲಿಗೆ ಮೊದಲು ಒಂದು ಮೇಕೆ ಬಿಟ್ಟಿದ್ದರೆ ಗ್ಯಾಂಬಿಟ್ ಆಗುತ್ತಿತ್ತು. ಆದರೆ ಆಗ ಯಾರೂ ಮೂರ್ತಿ ಕೆತ್ತುತ್ತಿರಲಿಲ್ಲ.

ಐಬಿ ರಸ್ತೆ ಹುಡುಗ (ಚಿಕ್ಕಮಗಳೂರು) · ಸೋಮವಾರ, ರಾತ್ರಿ 10:15

ನಾನು ಪರೀಕ್ಷೆಗೆ ಓದುತ್ತಿದ್ದೇನೆ. ಅಂತರರಾಷ್ಟ್ರೀಯ ಸಂಬಂಧಗಳ ಪಾಠದಲ್ಲಿ 'ಬ್ರಿಂಕ್‌ಮನ್‌ಶಿಪ್' ಅಂತ ಒಂದು ಪದ ಬರುತ್ತದೆ. ಅದೂ ಇದೂ ಒಂದೇನಾ?

ಪದಕೋಶ · ಸೋಮವಾರ, ರಾತ್ರಿ 11:05

ಬೇರೆ ತಮ್ಮಾ. ಅದರ ಹುಟ್ಟಿದ ವರ್ಷ ನಮಗೆ ಸರಿಯಾಗಿ ಗೊತ್ತಿದೆ, 1956. ಆಗ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲ್ಲೆಸ್. ಯುದ್ಧದ ಅಂಚಿನ ತನಕ ಹೋಗಿ ಯುದ್ಧಕ್ಕೆ ಬೀಳದೆ ಬರುವುದೇ ಜಾಣತನ, ಅಂಚಿಗೆ ಹೋಗಲು ಹೆದರಿದರೆ ಕೆಟ್ಟೆವು ಎಂಬ ಅರ್ಥದಲ್ಲಿ ಒಂದು ಪತ್ರಿಕೆಗೆ ಮಾತಾಡಿದ. ಎದುರು ಪಕ್ಷದ ಅಡ್ಲೈ ಸ್ಟೀವನ್ಸನ್ ಅದನ್ನು ಹಿಡಿದು ಗೇಲಿ ಮಾಡುತ್ತಾ ಬ್ರಿಂಕ್‌ಮನ್‌ಶಿಪ್ ಅಂದ. 'ಬ್ರಿಂಕ್' ಅಂದರೆ ಅಂಚು. ಸ್ಪೋರ್ಟ್ಸ್‌ಮನ್‌ಶಿಪ್ ಅನ್ನುವ ಹಾಗೆ, ಅಂಚಿನಲ್ಲಿ ನಿಲ್ಲುವ ಕಲೆ. ಬೈಗುಳವಾಗಿ ಹುಟ್ಟಿ ಪಾಠದ ಪುಸ್ತಕಕ್ಕೆ ಸೇರಿದ ಪದ. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ 13 ದಿನ ಹೀಗೇ ಎದುರುಬದುರು ನಿಂತಿದ್ದವು.

ಮೂಡಿಗೆರೆ ತೋಟ · ಮಂಗಳವಾರ, ಬೆಳಿಗ್ಗೆ 7:40

ಹುಡುಗನಿಗೆ ನಾನು ಹೇಳುತ್ತೇನೆ. ಚಾರ್ಮಾಡಿ ಘಾಟಿಯ ಕಿರಿದಾದ ತಿರುವಿನಲ್ಲಿ ಲಾರಿ ಮತ್ತು ಬಸ್ಸು ಮುಖಾಮುಖಿ ಆದರೆ? ಇಬ್ಬರೂ ಹಿಂದಕ್ಕೆ ತೆಗೆಯಲ್ಲ. ಇಂಚು ಇಂಚು ಮುಂದೆ ಬರುತ್ತಾರೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಯಾರಿಗೆ ಮೊದಲು ಹೆದರಿಕೆ ಆಗುತ್ತದೋ ಅವನು ಹಿಂದೆ ಹೋಗುತ್ತಾನೆ. ಅದು ಬ್ರಿಂಕ್‌ಮನ್‌ಶಿಪ್. ಅಲ್ಲಿ ಯಾರೂ ಏನೂ ಕೊಡಲ್ಲ, ಬರೀ ಹೆದರಿಸುತ್ತಾರೆ.

ಮೇಡಂ, ಈಗ ಸರಿನಾ?

ಕೊಪ್ಪದ ಅನುವಾದಕಿ · ಮಂಗಳವಾರ, ಬೆಳಿಗ್ಗೆ 8:05

ನೂರಕ್ಕೆ ನೂರು.

ಹೇಮಾವತಿ ದಂಡೆ · ಮಂಗಳವಾರ, ಬೆಳಿಗ್ಗೆ 10:30

ಪದದ ವಿಷಯ ಆಯಿತು. ಆಟದ ಕಡೆಯಿಂದ ನಾನೂ ಸ್ವಲ್ಪ ಸೇರಿಸುತ್ತೇನೆ. 1561ರ ಸುತ್ತಮುತ್ತಲೇ ಈ ಪದ ಯಾಕೆ ಬೇಕಾಯಿತು ಅಂತ ಯೋಚಿಸುತ್ತಿದ್ದೆ.

ಚದುರಂಗ ಇಲ್ಲಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬ್ಬರಿಗೆ, ಆಮೇಲೆ ಯುರೋಪಿಗೆ ಹೋಯಿತು. ಹಳೇ ಆಟ ನಿಧಾನದ್ದು. ಕಾಲಾಳು ಶುರುವಿನಲ್ಲೂ ಒಂದೇ ಮನೆ ನಡೆಯುತ್ತಿತ್ತು. ನಮ್ಮಜ್ಜ ಹೇಳಿಕೊಟ್ಟಿದ್ದೂ ಹಾಗೇ. ಮಂತ್ರಿ ಓರೆಯಲ್ಲಿ ಒಂದೇ ಮನೆ ಹೋಗುತ್ತಿದ್ದ. ಅಂಥ ಆಟದಲ್ಲಿ ಎರಡು ನಡೆ ಮುಂದಿದ್ದರೂ ಏನೂ ಆಗುವುದಿಲ್ಲ, ಎತ್ತಿನ ಗಾಡಿಗಳ ರೇಸಿನ ಹಾಗೆ. 15ನೇ ಶತಮಾನದ ಕೊನೆಗೆ ಯುರೋಪಿನಲ್ಲಿ ನಿಯಮ ಬದಲಾಯಿತು. ಅಲ್ಲಿ ಮಂತ್ರಿಯ ಜಾಗಕ್ಕೆ ಅದಾಗಲೇ ಬಂದಿದ್ದ ರಾಣಿ, ಮಣೆಯ ಈ ತುದಿಯಿಂದ ಆ ತುದಿಗೆ ಓಡಲು ಶುರು ಮಾಡಿದಳು. ಒಂಟೆಗೂ ಓಟ ಬಂತು. ಆಟ ಬಿಸಿ ಆಯಿತು. ಈಗ ಒಂದು ನಡೆಯ ಬೆಲೆ ಒಂದು ಕಾಲಾಳಿಗಿಂತ ಜಾಸ್ತಿ ಆಗಬಹುದು. ಹಾಗಾಗಿ ಕಾಲಾಳು ಕೊಟ್ಟು ಸಮಯ ಕೊಂಡುಕೊಳ್ಳುವುದು ಲಾಭದ ವ್ಯಾಪಾರ ಆಯಿತು. ಹೊಸ ವ್ಯಾಪಾರಕ್ಕೆ ಒಂದು ಹೆಸರು ಬೇಕಿತ್ತು, ಕುಸ್ತಿ ಕಣದಲ್ಲಿ ಸಿಕ್ಕಿತು.

19ನೇ ಶತಮಾನದಲ್ಲಿ ಇದು ಹುಚ್ಚಾಯಿತು. ಕ್ಯಾಪ್ಟನ್ ಇವಾನ್ಸ್ ಅಂತ ಒಬ್ಬ ಹಡಗಿನ ಕಪ್ತಾನ 1820ರ ದಶಕದಲ್ಲಿ ಒಂದು ಹೊಸ ಗ್ಯಾಂಬಿಟ್ ಕಂಡುಹಿಡಿದ. ಈಗಲೂ ಅವನ ಹೆಸರಲ್ಲೇ ಆಡುತ್ತೇವೆ. 1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಮತ್ತು ಕೀಸೆರಿಟ್ಸ್ಕಿ ಸುಮ್ನೆ ಕಾಲ ಕಳೆಯಲು ಆಡಿದ ಒಂದು ಆಟ ಇದೆ. ಶುರುವಾತು ಕಿಂಗ್ಸ್ ಗ್ಯಾಂಬಿಟ್. ಆಂಡರ್ಸನ್ ಕಾಲಾಳು ಕೊಟ್ಟ. ಆಮೇಲೆ ಒಂದು ಒಂಟೆ ಕೊಟ್ಟ, ಎರಡೂ ಆನೆ ಕೊಟ್ಟ, ಕೊನೆಗೆ ರಾಣಿಯನ್ನೇ ಕೊಟ್ಟ. ಮನೆಯಲ್ಲಿ ಉಳಿದ ಪಾತ್ರೆಪಗಡೆಯಲ್ಲಿ, ಅಂದರೆ ಎರಡು ಕುದುರೆ ಒಂದು ಒಂಟೆಯಲ್ಲಿ, 23ನೇ ನಡೆಗೆ ಚೆಕ್‌ಮೇಟ್ ಮಾಡಿದ. ಮಕ್ಕಳಿಗೆ ತೋರಿಸಿದರೆ ಚಪ್ಪಾಳೆ ಹೊಡೆಯುತ್ತಾರೆ.

ಆದರೆ ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಅಮೆರಿಕದ ಆಟಗಾರ ಬಾಬಿ ಫಿಶರ್ 1960ರಲ್ಲಿ ಕಿಂಗ್ಸ್ ಗ್ಯಾಂಬಿಟ್ ಎದುರು ಸೋವಿಯತ್ ಆಟಗಾರ ಸ್ಪಾಸ್ಕಿಗೆ ಸೋತ. ಹೊಟ್ಟೆ ಉರಿಯಿತು. ಮರುವರ್ಷ ಒಂದು ಲೇಖನ ಬರೆದು, ಈ ಗ್ಯಾಂಬಿಟ್ ಆಡಿದವನು ಸೋಲಲೇಬೇಕು ಅಂತ ಸಾಧಿಸಲು ಹೊರಟ. ತಮಾಷೆ ಅಂದರೆ ಆಮೇಲೆ ತಾನೇ ಅದನ್ನು ಆಡಿದ, ಗೆದ್ದ! ಈಗ ದೊಡ್ಡ ಆಟಗಾರರು ಇದನ್ನು ಆಡುವುದು ಅಪರೂಪ. ಕಾಲಾಳನ್ನು ತಿಂದು ಅರಗಿಸಿಕೊಳ್ಳುವುದು ಹೇಗೆ ಅಂತ ಎಲ್ಲರಿಗೂ ಗೊತ್ತಾಗಿದೆ.

ಕ್ವೀನ್ಸ್ ಗ್ಯಾಂಬಿಟ್ ಬಗ್ಗೆ ಯಾರಾದರೂ ಕೇಳುತ್ತೀರಿ ಅಂತ ಮೊದಲೇ ಹೇಳುತ್ತೇನೆ. ಅದು ಹೆಸರಿಗೆ ಮಾತ್ರ ಗ್ಯಾಂಬಿಟ್. ಕೊಟ್ಟ ಕಾಲಾಳನ್ನು ಬಿಳಿಯವನು ಸಾಮಾನ್ಯವಾಗಿ ವಾಪಸ್ ಪಡೆಯುತ್ತಾನೆ. ಅಡವಿಟ್ಟ ಹಾಗೆ, ಮಾರಿದ ಹಾಗಲ್ಲ.

ಐಬಿ ರಸ್ತೆ ಹುಡುಗ · ಮಂಗಳವಾರ, ಬೆಳಿಗ್ಗೆ 11:12

'ಓಪನಿಂಗ್ ಗ್ಯಾಂಬಿಟ್' ಅಂತ ಬರೆದರೆ ನಮ್ಮ ಸಾರ್ ಕೆಂಪು ಗೆರೆ ಹಾಕುತ್ತಾರೆ. ಯಾಕೆ?

ಪದಕೋಶ · ಮಂಗಳವಾರ, ಬೆಳಿಗ್ಗೆ 11:40

ಗ್ಯಾಂಬಿಟ್ ಅಂದರೇ ಶುರುವಿನ ನಡೆ. ಅದಕ್ಕೆ ಮತ್ತೆ 'ಓಪನಿಂಗ್' ಸೇರಿಸಿದರೆ 'ಗೇಟು ಬಾಗಿಲು' ಅಂದ ಹಾಗೆ. ಆದರೂ ಇಂಗ್ಲಿಷಿನವರೇ ಧಾರಾಳವಾಗಿ ಬಳಸುತ್ತಾರೆ. ಪರೀಕ್ಷೆಯಲ್ಲಿ ಬರೆಯಬೇಡ, ಹೊರಗೆ ಏನು ಬೇಕಾದರೂ ಮಾಡು.

ಕೊಪ್ಪದ ಅನುವಾದಕಿ · ಮಂಗಳವಾರ, ಮಧ್ಯಾಹ್ನ 2:20

ಮೇಷ್ಟ್ರ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ಕನ್ನಡದಲ್ಲಿ ಏನು?

ನಿನ್ನೆಯಿಂದ ತಲೆಯಲ್ಲಿ ಒಂದು ಪದ ಕೊರೆಯುತ್ತಿದೆ. 'ಒಡ್ಡು'. ನೋಡಿ, ಪಣ ಒಡ್ಡುತ್ತೇವೆ. ಬಲೆ ಒಡ್ಡುತ್ತೇವೆ. ಆಮಿಷ ಒಡ್ಡುತ್ತೇವೆ. ಎದೆಯನ್ನೂ ಒಡ್ಡುತ್ತೇವೆ. ಕೊಡುವುದು, ಹಿಡಿಯುವುದು, ಆಸೆ ತೋರಿಸುವುದು, ಅಪಾಯಕ್ಕೆ ಮೈ ಕೊಡುವುದು ಎಲ್ಲವೂ ಆ ಒಂದು ಪದದ ಹೊಟ್ಟೆಯಲ್ಲಿವೆ. 'ಒಡ್ಡುನಡೆ' ಅಂದರೆ ಹೇಗೆ?

ಮೂಡಿಗೆರೆ ತೋಟ · ಮಂಗಳವಾರ, ಮಧ್ಯಾಹ್ನ 2:45

ನಮ್ಮ ಕಡೆ ಒಡ್ಡು ಅಂದರೆ ಗದ್ದೆ ನೀರು ನಿಲ್ಲಿಸಲು ಹಾಕುವ ಮಣ್ಣಿನ ಏರಿ. ಒಡ್ಡುನಡೆ ಅಂದರೆ ಏರಿ ಮೇಲೆ ನಡೆಯೋದು ಅಂದ್ಕೋತಾರೆ.

ಗರಡಿ ಮಣ್ಣು · ಮಂಗಳವಾರ, ಮಧ್ಯಾಹ್ನ 3:10

ಮೇಡಂ, ಪದ ಚೆನ್ನಾಗಿದೆ. ಆದರೆ ನಿಘಂಟಿನ ವಾಸನೆ ಹೊಡೆಯುತ್ತದೆ. ನನ್ನ ವೋಟು 'ಕಾಲು ಕೊಡೋದು'.

ಕೊಪ್ಪದ ಅನುವಾದಕಿ · ಮಂಗಳವಾರ, ಮಧ್ಯಾಹ್ನ 3:30

ಕಾಲು ಕೊಡುವುದರಲ್ಲಿ ಬೀಳಿಸುವುದು ಇದೆ, ಕಳೆದುಕೊಳ್ಳುವುದು ಇಲ್ಲ. ಅದರಲ್ಲಿ ಸ್ವಲ್ಪ ಮೋಸದ ಬಣ್ಣವೂ ಇದೆ. "ಮಂತ್ರಿಗಳು ಕಾಲು ಕೊಟ್ಟರು" ಅಂತ ಹೆಡ್‌ಲೈನ್ ಹಾಕಿದರೆ ಮಾನನಷ್ಟ ಕೇಸು ಹಾಕುತ್ತಾರೆ.

ಅರಸೀಕೆರೆ ಕೊಬ್ಬರಿ · ಮಂಗಳವಾರ, ಸಂಜೆ 5:00

ಚೆಸ್ಸಿನ ಪುಸ್ತಕದಲ್ಲಿ ಗ್ಯಾಂಬಿಟ್ ಅಂತಲೇ ಇರಲಿ. ಬಸ್ಸು, ಕಾಫಿ, ಸ್ಪ್ರಿಂಕ್ಲರ್ ಅಂತ ಇಂಗ್ಲಿಷ್ ಪದಗಳನ್ನು ಹಾಗೇ ಬಳಸುತ್ತಿಲ್ಲವಾ? ಸಂತೆಯಲ್ಲಿ ಮಾತಾಡುವಾಗ "ಸುಳಿ ತೋರಿಸಿದ" ಅನ್ನಿ. ನಮ್ಮ ಮನೆಯಲ್ಲಿ ಈಗಲೂ ಹಾಗೇ ಅನ್ನುತ್ತೇವೆ. ಯಾರಾದರೂ ತಾನಾಗೇ ಸಣ್ಣ ತಪ್ಪು ಒಪ್ಪಿಕೊಂಡರೆ ಅಮ್ಮ ಕೇಳುತ್ತಾಳೆ, "ಇವನು ಯಾವ ಸುಳಿ ತೋರಿಸ್ತಿದಾನೆ?"

ನಿರ್ವಾಹಕ · ಮಂಗಳವಾರ, ಸಂಜೆ 5:15

'ಒಡ್ಡು' ಪರ-ವಿರೋಧದ 14 ಕಾಮೆಂಟುಗಳನ್ನು ಬೇರೆ ಚರ್ಚೆಗೆ ಸ್ಥಳಾಂತರಿಸಿದ್ದೇನೆ. ಗದ್ದೆ ಏರಿಯ ಅಳತೆ ಬಗ್ಗೆ ಅಲ್ಲೇ ಮುಂದುವರಿಸಿ.

ಹೇಮಾವತಿ ದಂಡೆ · ಗುರುವಾರ, ರಾತ್ರಿ 9:15

ಕೇಳಿದವರಿಗೆಲ್ಲ ವರದಿ ಒಪ್ಪಿಸುತ್ತಿದ್ದೇನೆ.

ನಿನ್ನೆ ನಾನೇ ಮಂಡಿಗೆ ಹೋದೆ. ಸಾಹುಕಾರರು ಮೂಟೆಗಳ ನಡುವೆ ಕೂತಿದ್ದರು. ಕುಸ್ತಿ ಹೇಳಿದೆ, ಕಾಲು ಕೊಡುವುದು ಹೇಳಿದೆ. ತಲೆ ಆಡಿಸಿದರು, ಅಷ್ಟೇ. ಅರಸೀಕೆರೆಯವರ ಎತ್ತಿನ ಕಥೆ ಹೇಳಿದೆ ನೋಡಿ, ನಗಲು ಶುರು ಮಾಡಿದರು. "ನಮ್ಮಲ್ಲೂ ಹಂಗೇ ಮೇಷ್ಟ್ರೇ. ಮೂಟೆ ಬಾಯಲ್ಲಿ ಎರಡು ಕೊಳೆತ ಆಲೂಗಡ್ಡೆ ಅವರೇ ತೆಗೆದು ಬಿಸಾಕಿ ತೋರಿಸ್ತಾರೆ. ಕೆಳಗಡೆ ಕೈ ಹಾಕ್ಬಾರ್ದು ಅಂತ" ಅಂದರು. ಹಾಗಾದರೆ ನಿಮ್ಮ ಮಗನಿಗೆ ಇದು ಗೊತ್ತಿರುವುದು ಒಳ್ಳೇದಲ್ಲವಾ ಅಂದೆ. ಏನೂ ಹೇಳಲಿಲ್ಲ. ಟೀ ತರಿಸಿದರು.

ಇವತ್ತು ಸಂಜೆ ಹುಡುಗನನ್ನು ಅವರೇ ಬೈಕಿನಲ್ಲಿ ಕರೆತಂದರು. ಹೋಗಲಿಲ್ಲ, ಚಾಪೆ ಮೇಲೆ ಕೂತರು. "ಅದೇನೋ ತೋರಿಸು ನೋಡೋಣ" ಅಂತ ಮಗನ ಎದುರಿಗೇ ಕೂತರು. ಕಾಯಿ ನಡೆಸುವುದು ಅವರಿಗೆ ಗೊತ್ತು, ಅಷ್ಟು ಬರುತ್ತದೆ. ಹುಡುಗ ರಾಜನ ಕಾಲಾಳು ಎರಡು ಮನೆ ಹಾಕಿದ. ಅಪ್ಪನೂ ಹಾಕಿದರು. ಹುಡುಗ ಪಕ್ಕದ ಕಾಲಾಳನ್ನು ಮುಂದೆ ಇಟ್ಟು, ಕೈ ಕಟ್ಟಿಕೊಂಡು ಕೂತ.

ಸಾಹುಕಾರರು ಆ ಕಾಲಾಳನ್ನು ಸುಮಾರು ಹೊತ್ತು ನೋಡಿದರು. ಮಗನ ಮುಖ ನೋಡಿದರು. ನನ್ನ ಮುಖ ನೋಡಿದರು.

"ಬಿಟ್ಟಿ ಯಾಕೆ ಕೊಡ್ತಿದೀಯ?" ಅಂದರು.

ಹುಡುಗ ಉತ್ತರ ಕೊಡಲಿಲ್ಲ.

"ಬೇಡ ನನಗೆ" ಅಂತ ಒಂಟೆಯನ್ನು ಆಚೆ ತೆಗೆದರು.

ಹುಡುಗ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ತಿರುಗಿದ. ತಿನ್ನದೇ ಇದ್ದರೆ ಏನು ಮಾಡಬೇಕು ಅಂತ ನಾನು ಅವನಿಗೆ ಇನ್ನೂ ಹೇಳಿಕೊಟ್ಟಿರಲಿಲ್ಲ.